ಡಾಕ್ಟರ ಮುಂದೆ ಈ ಮಾತು ಎತ್ತೋದು ಹೇಗೆ?



ನಮ್ಮ ಕಳೆದ ಆರೋಗ್ಯ ಕಾರ್ಯಕ್ರಮ ಪ್ರಸಾರವಾದ ಮೇಲೆ ಒಂದು ಪತ್ರ ಬಂತು. ಹೆಸರಿಲ್ಲ, ವಿಳಾಸವಿಲ್ಲ. ಅಚ್ಚುಕಟ್ಟಾದ ಕನ್ನಡ ಅಕ್ಷರ. ಬರೆದಿದ್ದು ಇಷ್ಟು: "ಮದುವೆಯಾಗಿ ಮೂರು ವರ್ಷವಾಯಿತು. ಗಂಡ ಒಳ್ಳೆಯವರು. ಆದರೆ ಹತ್ತಿರ ಬಂದಾಗಲೆಲ್ಲ ನನಗೆ ತಡೆಯಲಾರದ ನೋವು. ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದರೆ, ಮೊದಮೊದಲು ಎಲ್ಲರಿಗೂ ಹಾಗೇ ಅಂದರು. ಅತ್ತೆ ಮೊಮ್ಮಗು ಯಾವಾಗ ಅಂತ ಕೇಳುತ್ತಾರೆ. ಇಲ್ಲಿನ ಡಾಕ್ಟರಿಗೆ ಹಿಂದಿಯಲ್ಲಿ ಇದನ್ನು ಹೇಗೆ ಹೇಳುವುದೋ ಗೊತ್ತಿಲ್ಲ. ಹೋದರೆ ಅವರು ಏನು ಮಾಡುತ್ತಾರೋ ಅದೂ ಗೊತ್ತಿಲ್ಲ. ರೇಡಿಯೋದಲ್ಲಿ ಓದಬೇಡಿ, ಮನೆಯಲ್ಲಿ ಎಲ್ಲರೂ ಕೇಳುತ್ತಾರೆ. ನಿಮ್ಮ ಪತ್ರಿಕೆಯಲ್ಲಿ ಬರೆದರೆ ಸಾಕು, ನಾನೊಬ್ಬಳೇ ಓದಿಕೊಳ್ಳುತ್ತೇನೆ."

ಅಕ್ಕಾ, ನಿಮಗಾಗಿಯೇ ಈ ಲೇಖನ. ನಿಮ್ಮ ಹಾಗೆ ಪತ್ರ ಬರೆಯದೆ ಸುಮ್ಮನಿರುವವರಿಗೂ ಇದು ಸಲ್ಲುತ್ತದೆ. ಗಂಡಸರೂ ಪುಟ ತಿರುಗಿಸಿಬಿಡಬೇಡಿ. ಕೊನೆಯಲ್ಲಿ ನಿಮಗೂ ಒಂದಷ್ಟು ಕೆಲಸವಿದೆ.

ಮೊದಲೇ ಒಂದು ಮಾತು. ನೋವು ಸಹಿಸಿಕೊಳ್ಳುವುದು ಹೆಣ್ಣಿನ ಧರ್ಮವೇನಲ್ಲ. ಹಲ್ಲು ನೋವಿಗೆ, ಮಂಡಿ ನೋವಿಗೆ ಡಾಕ್ಟರು ಇರುವಂತೆ ಇದಕ್ಕೂ ಇದ್ದಾರೆ. ಇದಕ್ಕೂ ಕಾರಣ ಹುಡುಕುವ ಕ್ರಮವಿದೆ, ಚಿಕಿತ್ಸೆಯಿದೆ. ಬಹಳಷ್ಟು ಮಂದಿಗೆ ಆ ಚಿಕಿತ್ಸೆಯಿಂದ ಗುಣವೂ ಆಗುತ್ತದೆ.

ಇದು ನನಗೊಬ್ಬಳಿಗೇನಾ?

ಅಲ್ಲವೇ ಅಲ್ಲ. 2008ರಲ್ಲಿ ಅಮೆರಿಕದಲ್ಲಿ 31 ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಕೇಳಿ ಮಾಡಿದ ಒಂದು ದೊಡ್ಡ ಸಮೀಕ್ಷೆಯ ವರದಿ ಬಂತು. ಆಸೆಯಿಲ್ಲದಿರುವುದು, ದೇಹ ಸ್ಪಂದಿಸದಿರುವುದು, ಸುಖದ ತುದಿ ಮುಟ್ಟಲಾಗದಿರುವುದು, ಇಂಥ ಯಾವುದಾದರೂ ಒಂದು ತೊಂದರೆ ಇದೆ ಎಂದವರು ಶೇಕಡಾ 43ರಷ್ಟು ಮಂದಿ. ಆದರೆ ತೊಂದರೆಯೂ ಇದೆ, ಅದರಿಂದ ಮನಸ್ಸಿಗೆ ಕಷ್ಟವೂ ಆಗುತ್ತಿದೆ ಎಂದವರು ಶೇಕಡಾ 12 ಮಾತ್ರ.

ಈ ಎರಡು ಅಂಕಿಗಳ ನಡುವಿನ ಅಂತರವನ್ನು ಗಮನಿಸಿ. ವೈದ್ಯರು ರೋಗ ಗುರುತಿಸುವ ಮುಖ್ಯ ಸೂತ್ರ ಅಲ್ಲೇ ಇದೆ. ಒಬ್ಬಾಕೆಗೆ ತಿಂಗಳುಗಟ್ಟಲೆ ಆಸೆಯೇ ಬರುವುದಿಲ್ಲ, ಅದರ ಬಗ್ಗೆ ಆಕೆಗೆ ಬೇಸರವೂ ಇಲ್ಲ ಎಂದಿಟ್ಟುಕೊಳ್ಳಿ. ಅದು ರೋಗವಲ್ಲ. ಅದೇ ಸ್ಥಿತಿಯಿಂದ ಇನ್ನೊಬ್ಬಾಕೆಗೆ ನಿದ್ದೆ ಕೆಡುತ್ತಿದ್ದರೆ ಆಗ ಅದು ಚಿಕಿತ್ಸೆಗೆ ಅರ್ಹವಾದ ತೊಂದರೆ. ಇದನ್ನು ತೀರ್ಮಾನಿಸುವವರು ಗಂಡನಲ್ಲ, ಅತ್ತೆಯಲ್ಲ, ಪಕ್ಕದ ಮನೆಯವರೂ ಅಲ್ಲ. ನೀವೇ. ಮನೋವೈದ್ಯರು ಬಳಸುವ ಕೈಪಿಡಿಯ 2013ರ ಆವೃತ್ತಿಯಲ್ಲಿ ಇನ್ನೊಂದು ನಿಯಮವೂ ಇದೆ. ತೊಂದರೆ ಸುಮಾರು ಆರು ತಿಂಗಳಿಂದ, ಹೆಚ್ಚುಕಡಿಮೆ ಪ್ರತಿ ಸಲವೂ ಕಾಣಿಸಿಕೊಳ್ಳುತ್ತಿರಬೇಕು. ಒಂದು ವಾರ ಸುಸ್ತಾಗಿ ಬೇಡವೆನಿಸಿದರೆ ಅದಕ್ಕೆ ರೋಗದ ಹೆಸರು ಕೊಡುವುದಿಲ್ಲ. ಆದರೆ ನೋವು ಇದ್ದರೆ ಆರು ತಿಂಗಳು ಕಾಯುತ್ತಾ ಕೂರಬೇಕಿಲ್ಲ. ನೋವಿಗೆ ಕಾರಣ ಹುಡುಕಿಸಲು ಇವತ್ತೇ ಹೋಗಬಹುದು.

ಯಾರ ಹತ್ತಿರ ಹೋಗಬೇಕು? ಯಾವ ಭಾಷೆಯಲ್ಲಿ?

ಮೊದಲು ಸ್ತ್ರೀರೋಗ ತಜ್ಞರು, ಅಂದರೆ ಗೈನಕಾಲಜಿಸ್ಟ್. ಹೆಂಗಸರೇ ಬೇಕೆನಿಸಿದರೆ ಹಾಗೇ ಹುಡುಕಿಕೊಳ್ಳಿ, ಅದರಲ್ಲಿ ಸಂಕೋಚ ಬೇಡ. ಅಗತ್ಯ ಕಂಡರೆ ಅವರೇ ಮನೋವೈದ್ಯರು, ಲೈಂಗಿಕ ತಜ್ಞರು ಅಥವಾ ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸುತ್ತಾರೆ. ಲೈಂಗಿಕ ತೊಂದರೆ ನೋಡುವ ವೈದ್ಯಶಾಸ್ತ್ರ ನಮ್ಮ ದೇಶಕ್ಕೆ ಹೊಸದೇನಲ್ಲ. ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಡಾ. ಪ್ರಕಾಶ್ ಕೊಠಾರಿ ಇದಕ್ಕೆಂದೇ ಒಂದು ವಿಭಾಗವನ್ನು ದಶಕಗಳ ಹಿಂದೆಯೇ ಕಟ್ಟಿದ್ದರು. ಕನ್ನಡದಲ್ಲೂ ಅಷ್ಟೇ. ವೈದ್ಯೆಯೂ ಲೇಖಕಿಯೂ ಆಗಿದ್ದ ಡಾ. ಅನುಪಮಾ ನಿರಂಜನ ಅವರು 'ದಾಂಪತ್ಯ ದೀಪಿಕೆ', 'ವಧುವಿಗೆ ಕಿವಿಮಾತು' ಬರೆದು, ಹೆಣ್ಣುಮಕ್ಕಳು ಪಿಸುಮಾತಿನಲ್ಲೂ ಆಡದ ವಿಷಯವನ್ನು ನೇರವಾಗಿ ಮನೆಯೊಳಗೆ ತಂದರು.

ಇನ್ನು ಭಾಷೆಯ ವಿಚಾರ. ಪರಊರಿನಲ್ಲಿರುವ ನಮಗೆ ಇದು ನಿಜವಾದ ಅಡ್ಡಿ. ತರಕಾರಿ ಕೊಳ್ಳಲು, ಆಟೋದವನ ಜೊತೆ ಚೌಕಾಸಿ ಮಾಡಲು ಹಿಂದಿ, ಮರಾಠಿ ಬರುತ್ತದೆ. ಆದರೆ ಈ ನೋವನ್ನು ಹೇಳುವ ಮಾತನ್ನು ನಾವು ಕನ್ನಡದಲ್ಲೇ ಕಲಿತಿಲ್ಲ, ಇನ್ನು ಬೇರೆ ಭಾಷೆಯಲ್ಲಿ ಎಲ್ಲಿಂದ ತರುವುದು? ಅದಕ್ಕೆ ಮೂರು ದಾರಿ ಇವೆ.

ಒಂದು, ಚೀಟಿ. ಮನೆಯಲ್ಲೇ ಕೂತು ಕನ್ನಡದಲ್ಲಿ ಬರೆದುಕೊಳ್ಳಿ. ನಂಬಿಕೆಯ ಗೆಳತಿಯಿಂದ ಅನುವಾದ ಮಾಡಿಸಿ, ಇಲ್ಲವೇ ಮೊಬೈಲಿನ ಅನುವಾದವನ್ನು ಬಳಸಿ, ಅದನ್ನು ಡಾಕ್ಟರ ಮೇಜಿನ ಮೇಲಿಡಿ. ಬಾಯಿ ಬಿಡುವ ಕಷ್ಟ ಅರ್ಧ ಕಳೆಯುತ್ತದೆ. ಎರಡು, ದೂರದಿಂದ ಸಲಹೆ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ, ನೋಂದಾಯಿತ ವೈದ್ಯರು ದೇಶದ ಯಾವ ಊರಿನ ರೋಗಿಗೂ ಫೋನ್ ಅಥವಾ ವೀಡಿಯೋ ಮೂಲಕ ಸಲಹೆ ಕೊಡಬಹುದು. ಹುಬ್ಬಳ್ಳಿಯ ಅಥವಾ ಬೆಂಗಳೂರಿನ ಕನ್ನಡದ ಡಾಕ್ಟರ ಹತ್ತಿರ ಮೊದಲು ಮಾತಾಡಿ, ಪರೀಕ್ಷೆಗೆ ಮಾತ್ರ ಇಲ್ಲಿನವರ ಹತ್ತಿರ ಹೋಗಬಹುದು. ಮೂರು, ಮನಸ್ಸಿನ ಭಾರ ಹೆಚ್ಚಾಗಿದ್ದರೆ 14416. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಧಾನ ಕೇಂದ್ರ. ಕನ್ನಡ ಆರಿಸಿಕೊಂಡು ಮಾತಾಡಬಹುದು.

ಡಾಕ್ಟರು ಏನು ಕೇಳುತ್ತಾರೆ?

ಈ ತೊಂದರೆಯಲ್ಲಿ ಡಾಕ್ಟರ ದೊಡ್ಡ ಉಪಕರಣ ಯಂತ್ರವಲ್ಲ, ಅವರ ಕಿವಿ. ಅರ್ಧಕ್ಕರ್ಧ ಕಾರಣ ಪ್ರಶ್ನೋತ್ತರದಲ್ಲೇ ಹೊರಬೀಳುತ್ತದೆ. ಹಾಗಾಗಿ ಈ ಪ್ರಶ್ನೆಗಳಿಗೆ ಉತ್ತರ ಮನೆಯಲ್ಲೇ ಯೋಚಿಸಿಕೊಂಡು ಹೋಗಿ.

ತೊಂದರೆ ಯಾವುದು? ಆಸೆಯೇ ಇಲ್ಲವೇ? ಆಸೆ ಇದ್ದೂ ದೇಹ ಸ್ಪಂದಿಸುವುದಿಲ್ಲವೇ, ಒದ್ದೆಯಾಗುವುದಿಲ್ಲವೇ? ಎಲ್ಲ ಆಗಿಯೂ ಸುಖದ ತುದಿ ಮುಟ್ಟುವುದಿಲ್ಲವೇ? ಅಥವಾ ನೋವೇ? ಒಂದು ಇನ್ನೊಂದನ್ನು ಎಳೆದು ತರುತ್ತದೆ. ಪ್ರತಿ ಸಲ ನೋವಾದರೆ ಆಸೆ ತಾನಾಗಿ ಬತ್ತುತ್ತದೆ. ಆದ್ದರಿಂದ ಮೊದಲು ಬಂದದ್ದು ಯಾವುದು ಎಂದು ಡಾಕ್ಟರು ಕೇಳುತ್ತಾರೆ.

ಮೊದಲಿನಿಂದಲೂ ಹೀಗೆಯೇ, ಅಥವಾ ಮಧ್ಯೆ ಶುರುವಾಯಿತೇ? ಹೆರಿಗೆಯ ನಂತರ, ಆಪರೇಷನ್ ನಂತರ, ಹೊಸ ಮಾತ್ರೆ ಶುರು ಮಾಡಿದ ನಂತರ, ಮುಟ್ಟು ನಿಂತ ನಂತರ ಎಂದರೆ ದಾರಿ ಅಲ್ಲೇ ಸಿಗುತ್ತದೆ.

ನೋವು ಎಲ್ಲಿ? ಬಾಗಿಲಲ್ಲೇ ಉರಿಯೇ, ಒಳಗೆ ಆಳದಲ್ಲಿ ಗುದ್ದಿದ ಹಾಗೆಯೇ? ಮುಟ್ಟಿನ ದಿನಗಳಲ್ಲೂ ಹೊಟ್ಟೆನೋವು ವಿಪರೀತವೇ? ಒಂದು ಹನಿ ಒಳಗೆ ಹೋಗದಂತೆ ಗೋಡೆ ಅಡ್ಡ ಬಂದ ಹಾಗೆ ಆಗುತ್ತದೆಯೇ? ಈ ಒಂದೊಂದು ಉತ್ತರ ಒಂದೊಂದು ಬೇರೆ ಕಾರಣದ ಕಡೆಗೆ ಬೆರಳು ತೋರಿಸುತ್ತದೆ.

ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ? ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಆಸೆಯನ್ನು ತಗ್ಗಿಸುತ್ತವೆ, ಸುಖದ ತುದಿಯನ್ನು ತಡಮಾಡುತ್ತವೆ. ಕೆಲವು ರಕ್ತದೊತ್ತಡದ ಮಾತ್ರೆಗಳೂ ಹೀಗೆ ಮಾಡಬಹುದು. ಇದನ್ನು ಓದಿ ನಾಳೆಯೇ ಮಾತ್ರೆ ನಿಲ್ಲಿಸಬೇಡಿ! ಬರೆದುಕೊಟ್ಟ ಡಾಕ್ಟರಿಗೆ ಹೇಳಿದರೆ ಪ್ರಮಾಣ ಬದಲಿಸುತ್ತಾರೆ, ಅಥವಾ ಬೇರೆ ಮಾತ್ರೆ ಕೊಡುತ್ತಾರೆ.

ಸಕ್ಕರೆ ಕಾಯಿಲೆ, ಥೈರಾಯ್ಡ್, ರಕ್ತಹೀನತೆ ಇದೆಯೇ? ನಿದ್ದೆ ಎಷ್ಟು ಗಂಟೆ? ಮನೆಯಲ್ಲಿ ಎಷ್ಟು ಜನ, ಎಷ್ಟು ಕೋಣೆ? ನಗಬೇಡಿ, ಇದೂ ರೋಗನಿರ್ಣಯದ ಪ್ರಶ್ನೆಯೇ. ಬೆಳಗ್ಗೆ ಐದಕ್ಕೆದ್ದು ಡಬ್ಬಿ ಕಟ್ಟಿ, ಲೋಕಲ್‌ನಲ್ಲಿ ನಿಂತು ಹೋಗಿ ಬಂದು, ರಾತ್ರಿ ಪರದೆಯಾಚೆ ಅತ್ತೆ ಮಾವ ಮಲಗಿರುವ ಒಂದೇ ಕೋಣೆಯ ಮನೆಯಲ್ಲಿ ಆಸೆ ಹುಟ್ಟಲಿಲ್ಲವೆಂದರೆ ತಪ್ಪು ಹಾರ್ಮೋನಿನದ್ದಲ್ಲ.

ಕೊನೆಗೆ, ಡಾಕ್ಟರು ಗಂಡನನ್ನು ಸ್ವಲ್ಪ ಹೊರಗೆ ಕೂರಲು ಹೇಳಿ ನಿಮ್ಮೊಬ್ಬರನ್ನೇ ಕೇಳಬಹುದು: ಬಾಲ್ಯದಲ್ಲಿ ಯಾರಾದರೂ ಕೆಟ್ಟದಾಗಿ ನಡೆದುಕೊಂಡಿದ್ದರೇ? ಈಗ ಮನೆಯಲ್ಲಿ ಬಲವಂತವಿದೆಯೇ? ಇದು ಕುತೂಹಲಕ್ಕೆ ಕೇಳುವುದಲ್ಲ. ಹಳೆಯ ಭಯವನ್ನು ಮನಸ್ಸು ಮರೆತರೂ ದೇಹ ನೆನಪಿಟ್ಟುಕೊಂಡಿರುತ್ತದೆ. ಹೇಳಲು ಇಷ್ಟವಿಲ್ಲದಿದ್ದರೆ ಇವತ್ತು ಬೇಡ ಎನ್ನಬಹುದು.

ಕೆಲವರು ಅಚ್ಚಾದ ಪ್ರಶ್ನಪಟ್ಟಿಯನ್ನೂ ಕೊಡುತ್ತಾರೆ. 2000ದಲ್ಲಿ ಪ್ರಕಟವಾದ, ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಒಂದು ಪಟ್ಟಿಯಲ್ಲಿ 19 ಪ್ರಶ್ನೆಗಳಿವೆ. ಆಸೆ, ಉದ್ರೇಕ, ಒದ್ದೆತನ, ಸುಖದ ತುದಿ, ತೃಪ್ತಿ, ನೋವು ಎಂಬ ಆರು ವಿಷಯಗಳ ಮೇಲೆ ಅಂಕ ಕೊಡುತ್ತಾರೆ. ಇದು ಪಾಸು ಫೇಲು ಪರೀಕ್ಷೆಯಲ್ಲ. ಚಿಕಿತ್ಸೆಯಿಂದ ಎಷ್ಟು ಗುಣ ಕಂಡಿತು ಎಂದು ತಿಳಿಯಲು ಅನುಕೂಲ, ಅಷ್ಟೆ.

ಪರೀಕ್ಷೆ ಹೇಗಿರುತ್ತದೆ?

ಬಹುಪಾಲು ಹೆಂಗಸರು ಹೆದರುವುದು ಇಲ್ಲಿಯೇ. ಮೊದಲು ನಿಮ್ಮ ಹಕ್ಕುಗಳನ್ನು ತಿಳಿದುಕೊಳ್ಳಿ. ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ. ವೈದ್ಯರು ಗಂಡಸಾದರೆ ಪಕ್ಕದಲ್ಲಿ ಮಹಿಳಾ ಸಿಬ್ಬಂದಿ ಇರಬೇಕು, ಇಲ್ಲದಿದ್ದರೆ ಕೇಳಿ ಕರೆಸಿಕೊಳ್ಳಿ. ಮಧ್ಯದಲ್ಲಿ "ನಿಲ್ಲಿಸಿ" ಎಂದರೆ ನಿಲ್ಲಿಸಬೇಕು. ಮೊದಲ ದಿನವೇ ಎಲ್ಲ ಪರೀಕ್ಷೆ ಆಗಬೇಕೆಂದೂ ಇಲ್ಲ. ನೋವಿನಿಂದ ನರಳುವವರಿಗೆ ಮೊದಲ ಸಲ ಮಾತು ಮಾತ್ರ, ಎರಡನೇ ಸಲ ಹೊರಗಿನಿಂದ ನೋಡುವುದು, ಹೀಗೆ ಹಂತಹಂತವಾಗಿ ಹೋಗುವವರೇ ಒಳ್ಳೆಯ ಡಾಕ್ಟರು.

ಹೊರಗಿನ ಚರ್ಮದಲ್ಲಿ ಸೋಂಕು, ಬಿಳಿ ಕಲೆ, ಹೆರಿಗೆಯಲ್ಲಿ ಹಾಕಿದ ಹೊಲಿಗೆಯ ಗಾಯ ಇವೆಯೇ ಎಂದು ನೋಡುತ್ತಾರೆ. ಕಿವಿಗೆ ಬಳಸುವಂಥ ಹತ್ತಿಯ ಕಡ್ಡಿಯಿಂದ ಯೋನಿಯ ಬಾಗಿಲ ಸುತ್ತ ಮೆಲ್ಲಗೆ ಮುಟ್ಟಿ ಯಾವ ಜಾಗದಲ್ಲಿ ಉರಿಯುತ್ತದೆ ಎಂದು ಗುರುತಿಸುತ್ತಾರೆ. ಹತ್ತಿ ತಾಗಿದರೂ ಚುರುಕ್ ಎಂದರೆ ಅದೇ ಒಂದು ಗುರುತು. ಆಮೇಲೆ, ನೀವು ಒಪ್ಪಿದರೆ, ಒಂದು ಬೆರಳಿನಿಂದ ಒಳಗಿನ ಸ್ನಾಯುಗಳು ಬಿಗಿದಿವೆಯೇ, ಗರ್ಭಕೋಶದ ಹಿಂದೆ ಗಂಟಿನಂಥದ್ದು ಇದೆಯೇ ಎಂದು ನೋಡುತ್ತಾರೆ.

ಇನ್ನು ಲ್ಯಾಬ್ ಪರೀಕ್ಷೆ. ಎಲ್ಲರಿಗೂ ಎಲ್ಲ ಪರೀಕ್ಷೆ ಬೇಕಿಲ್ಲ. ಸುಸ್ತಿದ್ದರೆ ಹಿಮೋಗ್ಲೋಬಿನ್, ಥೈರಾಯ್ಡ್. ಪದೇಪದೇ ತುರಿಕೆ, ಬಿಳಿಮುಟ್ಟು ಇದ್ದರೆ ಸ್ರಾವದ ಪರೀಕ್ಷೆ ಮತ್ತು ಸಕ್ಕರೆ. ಮುಟ್ಟು ಏರುಪೇರಾಗಿ ಎದೆಯಲ್ಲಿ ಹಾಲಿನಂಥ ದ್ರವ ಬಂದರೆ ಪ್ರೊಲ್ಯಾಕ್ಟಿನ್. ಆಳದ ನೋವಿಗೆ ಸ್ಕ್ಯಾನಿಂಗ್. "ಹಾರ್ಮೋನ್ ಫುಲ್ ಪ್ಯಾಕೇಜ್" ಎಂದು ಸಾವಿರಾರು ರೂಪಾಯಿ ಪಟ್ಟಿ ಕೊಟ್ಟರೆ, ಒಂದೊಂದೂ ಯಾಕೆ ಬೇಕು ಎಂದು ಕೇಳಿ. ರಕ್ತ ಪರೀಕ್ಷೆಯ ಒಂದು ಅಂಕಿ ನೋಡಿ ಹೆಣ್ಣಿನ ಆಸೆ ಎಷ್ಟಿದೆ ಎಂದು ಹೇಳಲು ಆಗುವುದಿಲ್ಲ.

ಚಿಕಿತ್ಸೆ: ಕಾರಣಕ್ಕೆ ತಕ್ಕ ಮದ್ದು

1976ರಲ್ಲಿ ಜ್ಯಾಕ್ ಅನ್ನನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಲೈಂಗಿಕ ಚಿಕಿತ್ಸೆಗೆ ನಾಲ್ಕು ಮೆಟ್ಟಿಲು ಹೇಳಿದ. ಮಾತಾಡಲು ಅನುಮತಿ, ಸ್ವಲ್ಪ ತಿಳಿವಳಿಕೆ, ನಿರ್ದಿಷ್ಟ ಸಲಹೆ, ಕೊನೆಗೆ ಆಳದ ಚಿಕಿತ್ಸೆ. ಇವತ್ತಿಗೂ ವೈದ್ಯರು ಇದೇ ಕ್ರಮ ಅನುಸರಿಸುತ್ತಾರೆ. ಬಹಳ ಜನಕ್ಕೆ ಮೊದಲ ಮೂರು ಮೆಟ್ಟಿಲಲ್ಲೇ ಕೆಲಸ ಮುಗಿಯುತ್ತದೆ.

ಒಣಗಿ ಉರಿಯುವ ನೋವು: ಮುಟ್ಟು ನಿಂತ ಮೇಲೆ, ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿದ ಮೇಲೆ, ಮಗುವಿಗೆ ಹಾಲೂಡಿಸುವಾಗ ಈಸ್ಟ್ರೋಜನ್ ಹಾರ್ಮೋನ್ ಕಡಿಮೆಯಾಗಿ ಯೋನಿಯ ಒಳಪದರ ತೆಳ್ಳಗಾಗುತ್ತದೆ. ಬಾಣಂತಿಗೆ ಇದು ಹಾಲು ಬಿಡಿಸಿದ ಮೇಲೆ ತಾನಾಗಿ ಸರಿಹೋಗುತ್ತದೆ. ಅಲ್ಲಿಯವರೆಗೆ ನೀರಿನ ಆಧಾರದ ಜಾರಿಕೆ ಜೆಲ್ ಸಾಕು. ಕೊಬ್ಬರಿ ಎಣ್ಣೆ ಬಳಸುವವರು ನೆನಪಿಡಿ, ಎಣ್ಣೆ ತಾಗಿದರೆ ಸಾಮಾನ್ಯ ಕಾಂಡೋಮ್ ಹರಿದುಹೋಗಬಹುದು. ಮುಟ್ಟು ನಿಂತವರಿಗೆ ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಅಥವಾ ಒಳಗಿಡುವ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ಸಾಮಾನ್ಯವಾಗಿ ಮೊದಲ ಎರಡು ವಾರ ದಿನವೂ, ಆಮೇಲೆ ವಾರಕ್ಕೆ ಎರಡು ಸಲ. ರಕ್ತಕ್ಕೆ ಸೇರುವುದು ತೀರಾ ಅತ್ಯಲ್ಪ. ಸ್ತನ ಕ್ಯಾನ್ಸರ್ ಆಗಿದ್ದವರು ಮಾತ್ರ ಕ್ಯಾನ್ಸರ್ ವೈದ್ಯರನ್ನು ಕೇಳಿಯೇ ಬಳಸಬೇಕು. "ನಲವತ್ತೆಂಟಾಯಿತು, ಇನ್ನೇನು" ಎಂದು ಸುಮ್ಮನಾಗುವ ಅಕ್ಕಂದಿರೇ, ಈ ಕ್ರೀಮ್ ಉರಿಮೂತ್ರವನ್ನೂ ಕಡಿಮೆ ಮಾಡುತ್ತದೆ, ಒಮ್ಮೆ ಕೇಳಿ ನೋಡಿ.

ಆಳದ ನೋವು: ಮುಟ್ಟಿನ ನೋವೂ ವಿಪರೀತವಾಗಿದ್ದರೆ ಎಂಡೋಮೆಟ್ರಿಯೋಸಿಸ್ ಇರಬಹುದು. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆಲ್ಲೋ ಬೆಳೆಯುವ ಕಾಯಿಲೆ ಇದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮುಟ್ಟಾಗುವ ವಯಸ್ಸಿನ ಸುಮಾರು ಹತ್ತರಲ್ಲಿ ಒಬ್ಬರಿಗೆ ಇದು ಇರುತ್ತದೆ. ಸ್ಕ್ಯಾನಿಂಗ್‌ನಲ್ಲಿ ಎಲ್ಲ ಸಲವೂ ಕಾಣುವುದಿಲ್ಲ. ಹಾಗಾಗಿ "ರಿಪೋರ್ಟ್ ನಾರ್ಮಲ್, ನಿಮ್ಮದು ಮನಸ್ಸಿನ ಭ್ರಮೆ" ಎಂದರೆ ಅಲ್ಲಿಗೇ ಬಿಡಬೇಡಿ. ಹಾರ್ಮೋನ್ ಮಾತ್ರೆ, ಬೇಕಾದರೆ ಲ್ಯಾಪರೋಸ್ಕೋಪಿ, ಎರಡೂ ಲಭ್ಯ.

ಗೋಡೆಯಂಥ ಬಿಗಿತ: ನಮ್ಮ ಪತ್ರದ ಅಕ್ಕನ ತೊಂದರೆ ಇದೇ ಇರಬಹುದು, ನೋಡದೆ ಹೇಳಲಾಗದು. ಇದಕ್ಕೆ ವಜೈನಿಸ್ಮಸ್ ಎನ್ನುತ್ತಾರೆ. ಕಣ್ಣಿನ ಹತ್ತಿರ ಕೈ ತಂದರೆ ರೆಪ್ಪೆ ತಾನೇ ಮುಚ್ಚಿಕೊಳ್ಳುತ್ತದಲ್ಲ, ಹಾಗೆಯೇ ನೋವಾದೀತೆಂಬ ಭಯಕ್ಕೆ ಯೋನಿಯ ಸುತ್ತಲಿನ ಸ್ನಾಯು ತಾನಾಗಿ ಬಿಗಿಯುತ್ತದೆ. ಬೇಕೆಂದು ಮಾಡುವುದಲ್ಲ. "ಸಹಕರಿಸುತ್ತಿಲ್ಲ" ಎಂದು ಬೈದರೆ ಬಿಗಿತ ಹೆಚ್ಚುತ್ತದೆ, ಅಷ್ಟೇ. ಚಿಕಿತ್ಸೆಯೂ ರೆಪ್ಪೆಗೆ ಧೈರ್ಯ ಹೇಳಿದ ಹಾಗೆ. ಮೊದಲು ಕನ್ನಡಿಯಲ್ಲಿ ತನ್ನ ದೇಹವನ್ನು ತಾನೇ ನೋಡಿ ಅರಿಯುವುದು. ಆಮೇಲೆ ಉಸಿರಿನ ಜೊತೆ ಆ ಸ್ನಾಯುವನ್ನು ಸಡಿಲ ಬಿಡುವ ಅಭ್ಯಾಸ. ನಂತರ ಡೈಲೇಟರ್ ಎಂಬ ನುಣುಪಾದ ಕಡ್ಡಿಗಳು. ಕಿರುಬೆರಳಿನ ಗಾತ್ರದಿಂದ ಶುರು ಮಾಡಿ, ಜೆಲ್ ಹಚ್ಚಿ, ತಾನೇ ತನ್ನ ಕೈಯಿಂದ, ತನಗೆ ಬೇಕಾದಷ್ಟೇ ವೇಗದಲ್ಲಿ ಬಳಸುವುದು. ಒಂದು ಗಾತ್ರ ನೋವಿಲ್ಲದೆ ಆದರೆ ಮಾತ್ರ ಮುಂದಿನದು. ಇದರ ಜೊತೆಗೆ ಆಪ್ತ ಸಲಹೆ. ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಆದರೆ ಚೆನ್ನಾಗಿ ಗುಣವಾಗುವ ತೊಂದರೆಗಳಲ್ಲಿ ಇದೂ ಒಂದು. ಇಲ್ಲೊಂದು ಎಚ್ಚರಿಕೆ. ಕೆಗೆಲ್ ವ್ಯಾಯಾಮ ಮಾಡಿ ಎಂದು ಎಲ್ಲರೂ ಎಲ್ಲರಿಗೂ ಹೇಳುತ್ತಾರೆ. ಅದು ಸಡಿಲಾದ ಸ್ನಾಯುವನ್ನು ಬಿಗಿ ಮಾಡುವ ವ್ಯಾಯಾಮ. ಮೊದಲೇ ಬಿಗಿದಿರುವವರಿಗೆ ಅದರಿಂದ ತೊಂದರೆ ಹೆಚ್ಚಬಹುದು.

ಆಸೆಯ ಕೊರತೆ: ಆಸೆ ಮೊದಲು ಮನಸ್ಸಿನಲ್ಲಿ ಹುಟ್ಟಿ ಆಮೇಲೆ ದೇಹ ಎಚ್ಚರಗೊಳ್ಳಬೇಕು ಎಂಬುದು ಸಿನಿಮಾ ಕಲಿಸಿದ ಪಾಠ. ಕೆನಡಾದ ವೈದ್ಯೆ ರೋಸ್‌ಮೇರಿ ಬ್ಯಾಸನ್ 2000ದಲ್ಲಿ ಇನ್ನೊಂದು ಚಿತ್ರ ಕೊಟ್ಟರು. ಎಷ್ಟೋ ಹೆಂಗಸರಿಗೆ, ಅದರಲ್ಲೂ ಮದುವೆಯಾಗಿ ವರ್ಷಗಳಾದವರಿಗೆ, ಮೊದಲು ಆತ್ಮೀಯತೆ, ಹಿತವಾದ ಸ್ಪರ್ಶ, ಆಮೇಲೆ ಆಸೆ. ಇದೂ ಸಹಜವೇ. ಈ ಒಂದು ಮಾತು ಕೇಳಿಯೇ ಕೆಲವರ ಎದೆಯ ಭಾರ ಇಳಿಯುತ್ತದೆ. ಖಿನ್ನತೆ, ಥೈರಾಯ್ಡ್, ಮಾತ್ರೆಯ ಅಡ್ಡ ಪರಿಣಾಮ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ. ದಂಪತಿಗೆ ಒಟ್ಟಿಗೆ ಕೂರಿಸಿ ಸಲಹೆಯೂ ಕೊಡುತ್ತಾರೆ. ಅದರಲ್ಲಿ ಒಂದು ಹಳೆಯ, ಗಟ್ಟಿ ವಿಧಾನವಿದೆ. ಮಾಸ್ಟರ್ಸ್ ಮತ್ತು ಜಾನ್ಸನ್ ಜೋಡಿ 1970ರಲ್ಲಿ ಹೇಳಿದ್ದು. ಕೆಲವು ವಾರ ಸಂಭೋಗವೇ ಬೇಡ. ಬರೀ ಕೈ, ಬೆನ್ನು, ತಲೆ ಸವರುವ ಸ್ಪರ್ಶ. ಮುಂದೇನೋ ಆಗಲೇಬೇಕೆಂಬ ಒತ್ತಡ ಹೋದಾಗ ಭಯವೂ ಹೋಗುತ್ತದೆ.

"ಹೆಂಗಸರ ವಯಾಗ್ರ" ಇದೆಯಂತಲ್ಲ ಎಂದು ಕೇಳುವವರಿದ್ದಾರೆ. ವಯಾಗ್ರ ರಕ್ತದ ಹರಿವನ್ನು ಹೆಚ್ಚಿಸುವ ಮಾತ್ರೆ, ಆಸೆ ಹುಟ್ಟಿಸುವುದಲ್ಲ. ಹೆಂಗಸರಲ್ಲಿ ಅದರ ಪ್ರಯೋಗವನ್ನು ಕಂಪನಿ 2004ರಲ್ಲಿ ಕೈಬಿಟ್ಟಿತು. ಅಮೆರಿಕದಲ್ಲಿ 2015ರಲ್ಲಿ ಫ್ಲಿಬಾನ್ಸೆರಿನ್ ಎಂಬ ಮಾತ್ರೆಗೆ, 2019ರಲ್ಲಿ ಬ್ರೆಮೆಲನೋಟೈಡ್ ಎಂಬ ಚುಚ್ಚುಮದ್ದಿಗೆ ಒಪ್ಪಿಗೆ ಸಿಕ್ಕಿತು. ಮಾತ್ರೆಯನ್ನು ದಿನವೂ ಮಲಗುವಾಗ ತೆಗೆದುಕೊಳ್ಳಬೇಕು. ಮದ್ಯದ ಜೊತೆ ಸೇರಿದರೆ ರಕ್ತದೊತ್ತಡ ಕುಸಿದು ತಲೆ ಸುತ್ತಿ ಬೀಳಬಹುದು. ಚುಚ್ಚುಮದ್ದಿನಿಂದ ಬಹಳ ಜನಕ್ಕೆ ವಾಕರಿಕೆ. ಎರಡರ ಫಲವೂ ಸಾಧಾರಣ. ಟೆಸ್ಟೋಸ್ಟೆರಾನ್ ಬಗ್ಗೆ 2019ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಹೇಳಿದ್ದು, ಮುಟ್ಟು ನಿಂತ, ಆಸೆಯ ಕೊರತೆಯಿಂದ ಕಷ್ಟಪಡುವ ಮಹಿಳೆಯರಿಗೆ ಮಾತ್ರ, ಅದೂ ಬಹಳ ಕಡಿಮೆ ಪ್ರಮಾಣದಲ್ಲಿ, ವೈದ್ಯರ ಕಣ್ಗಾವಲಿನಲ್ಲಿ ಎಂದು. ಇಂಟರ್‌ನೆಟ್‌ನಲ್ಲಿ ತರಿಸಿ ನುಂಗುವಂಥದ್ದು ಯಾವುದೂ ಅಲ್ಲ.

ಸುಖದ ತುದಿ ಮುಟ್ಟದಿರುವುದು: ಇಲ್ಲಿ ಅರ್ಧ ಚಿಕಿತ್ಸೆ ತಿಳಿವಳಿಕೆಯೇ. ಎಷ್ಟೋ ಹೆಂಗಸರಿಗೆ ಬರೀ ಸಂಭೋಗದಿಂದ ಅದು ಸಿಗುವುದಿಲ್ಲ. ಯೋನಿಯ ಮೇಲ್ಭಾಗದಲ್ಲಿರುವ ಭಗಾಂಕುರ, ಇಂಗ್ಲಿಷಿನವರ ಕ್ಲಿಟೋರಿಸ್, ಅದಕ್ಕೆ ಸ್ಪರ್ಶ ಬೇಕು. ಇದು ದೋಷವಲ್ಲ, ದೇಹದ ರಚನೆ. ತನಗೆ ಏನು ಹಿತ ಎಂದು ತಾನು ಮೊದಲು ಅರಿತು, ಆಮೇಲೆ ಗಂಡನಿಗೆ ಹೇಳುವುದನ್ನು ಚಿಕಿತ್ಸಕರು ಹೇಳಿಕೊಡುತ್ತಾರೆ.

ಇವರಿಂದ ದೂರವಿರಿ

ಲೋಕಲ್ ಡಬ್ಬಿಯಲ್ಲಿ, ಸ್ಟೇಷನ್ ಗೋಡೆಯಲ್ಲಿ ಅಂಟಿಸಿರುವ "ಗುಪ್ತ ರೋಗ, ಗ್ಯಾರಂಟಿ" ಚೀಟಿಗಳನ್ನು ನೋಡಿದ್ದೀರಿ. ಕಾಮಸುಖ ಹೆಚ್ಚಿಸುವ ಔಷಧ ಎಂದು ಜಾಹೀರಾತು ಕೊಡುವುದೇ ನಮ್ಮ ದೇಶದಲ್ಲಿ 1954ರ ಕಾಯ್ದೆಯ ಪ್ರಕಾರ ಅಪರಾಧ. ಜಾಹೀರಾತಿನಲ್ಲೇ ಕಾನೂನು ಮುರಿಯುವವರ ಮದ್ದಿನಲ್ಲಿ ಏನು ಬೆರೆತಿದೆಯೋ ಯಾರು ಬಲ್ಲರು? ಹಾಗೆಯೇ ಹವಾನಿಯಂತ್ರಿತ ಕ್ಲಿನಿಕ್‌ಗಳ "ಯೋನಿ ಪುನಶ್ಚೇತನ" ಲೇಸರ್. 2018ರ ಜುಲೈನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ ಎಚ್ಚರಿಕೆ ಕೊಟ್ಟಿತು: ಇದಕ್ಕೆಂದು ಈ ಯಂತ್ರಗಳಿಗೆ ಒಪ್ಪಿಗೆ ಕೊಟ್ಟಿಲ್ಲ, ಸುಟ್ಟ ಗಾಯ, ಕಲೆ, ಮಾಯದ ನೋವು ಆದ ದೂರುಗಳಿವೆ ಎಂದು.

"ಒಂದು ಮಗು ಆದರೆ ಎಲ್ಲ ಸರಿಹೋಗುತ್ತದೆ" ಎಂಬ ಸಲಹೆಯೂ ಇದೇ ಪಟ್ಟಿಗೆ. ಹೆರಿಗೆ ಇದಕ್ಕೆ ಮದ್ದಲ್ಲ.

ಗಂಡಂದಿರಿಗೆ ನಾಲ್ಕು ಮಾತು

ಹೆಂಡತಿ "ನೋವು" ಎಂದರೆ ಅದು ನೆಪವಲ್ಲ, ನಿಮ್ಮ ಮೇಲಿನ ದೂರೂ ಅಲ್ಲ. ಅಂದೇ ನಿಲ್ಲಿಸಿ. ಡಾಕ್ಟರ ಹತ್ತಿರ ಜೊತೆಗೆ ಹೋಗಿ, ಹೊರಗೆ ಕೂರಲು ಹೇಳಿದರೆ ಮುಖ ಊದಿಸಿಕೊಳ್ಳದೆ ಕೂರಿ. ನಿಮಗೇ ಏನಾದರೂ ತೊಂದರೆ ಇದ್ದರೆ, ಶೀಘ್ರವಾಗಿ ಮುಗಿಯುವುದೋ ಗಡಸುತನ ನಿಲ್ಲದಿರುವುದೋ, ಅದನ್ನೂ ಹೇಳಿ. ಕೆಲವೊಮ್ಮೆ ಹೆಂಡತಿಯ ತೊಂದರೆಯ ಬೇರು ಅಲ್ಲಿರುತ್ತದೆ. ಮನೆಯಲ್ಲಿ ಅಮ್ಮ ಮೊಮ್ಮಗುವಿನ ಮಾತೆತ್ತಿದಾಗ ಉತ್ತರ ನೀವು ಕೊಡಿ, ಅವಳನ್ನು ಮುಂದೆ ತಳ್ಳಬೇಡಿ.

ಇನ್ನೊಂದು ಮಾತು, ಇದು ಎಲ್ಲರಿಗೂ. ಬೇಡವೆಂದರೂ ಬಲವಂತ ನಡೆಯುತ್ತಿದ್ದರೆ ಅದು ಹೆಣ್ಣಿನ ಲೈಂಗಿಕ ತೊಂದರೆಯಲ್ಲ, ಅದಕ್ಕೆ ಕ್ರೀಮಿಲ್ಲ, ಮಾತ್ರೆಯಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಲೈಂಗಿಕ ದೌರ್ಜನ್ಯವೂ ಸೇರಿದೆ. ಮಹಿಳಾ ಸಹಾಯವಾಣಿ 181.

ಚೀಟಿಯಲ್ಲಿ ಏನು ಬರೆಯಲಿ?

ಕೊನೆಗೆ ಪತ್ರದ ಅಕ್ಕನಿಗೆ. ನಿಮ್ಮ ಚೀಟಿ ಇಷ್ಟು ಚಿಕ್ಕದಿದ್ದರೆ ಸಾಕು: "ಮದುವೆಯಾಗಿ ಮೂರು ವರ್ಷ. ಸಂಭೋಗದ ಹೊತ್ತಿಗೆ ನೋವು. ಮೊದಲ ದಿನದಿಂದಲೂ ಇದೆ. ನೋವು ಇಂಥ ಜಾಗದಲ್ಲಿ. ಮುಟ್ಟು ಹೀಗಿದೆ. ಈ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಪರೀಕ್ಷೆಗೆ ಹೆದರಿಕೆ ಇದೆ, ದಯವಿಟ್ಟು ನಿಧಾನವಾಗಿ ಮಾಡಿ." ಇದರಲ್ಲಿ ನಾಚಿಕೆಪಡುವ ಒಂದು ಪದವೂ ಇಲ್ಲ, ನೋಡಿ. ಮೊದಲ ಡಾಕ್ಟರು ಚೀಟಿ ಓದಿ ನಕ್ಕರೆ ಅಥವಾ "ಅಡ್ಜಸ್ಟ್ ಮಾಡಿಕೊಳ್ಳಿ" ಎಂದರೆ, ಅದೇ ಚೀಟಿಯನ್ನು ಮಡಚಿಕೊಂಡು ಎರಡನೆಯವರ ಹತ್ತಿರ ಹೋಗಿ. ತಪ್ಪು ಚೀಟಿಯದ್ದಲ್ಲ.

ನಿಮ್ಮ ಅಮ್ಮ ಹೇಳಿದ್ದು ಪ್ರೀತಿಯಿಂದಲೇ. ಅವರಿಗೂ ಅವರ ಅಮ್ಮ ಹಾಗೇ ಹೇಳಿದ್ದಿರಬೇಕು. ಅವರ ಕಾಲದಲ್ಲಿ ಕೇಳಲು ಯಾರೂ ಇರಲಿಲ್ಲ. ಈಗ ಇದ್ದಾರೆ. ಗುಣವಾದ ಮೇಲೆ, ಹೆಸರಿಲ್ಲದೆಯೇ ಆಗಲಿ, ಇನ್ನೊಂದು ಪತ್ರ ಬರೆಯಿರಿ. ಅದನ್ನೂ ರೇಡಿಯೋದಲ್ಲಿ ಓದುವುದಿಲ್ಲ, ಆದರೆ ನಾವು ಕಾಯುತ್ತಿರುತ್ತೇವೆ.